ಚಳಿಗಾಲದಲ್ಲಿ ನಿಂಬೆ ಕೇಕ್ ಗಟ್ಟಿಯಾಗುವುದೇಕೆ?

ಪ್ರಶ್ನೆ

ಬೇಸಿಗೆಯುದ್ದಕ್ಕೂ ಹಗುರವಾಗಿ ಉಬ್ಬುತ್ತಿದ್ದ ನನ್ನ ನಿಂಬೆ ಕೇಕ್ ಚಳಿ ಶುರುವಾದ ಮೇಲೆ ಎರಡು ಬಾರಿಯೂ ಕೈಕೊಟ್ಟಿದೆ. ಅಳತೆಯನ್ನು ಬದಲಿಸಿಲ್ಲ. ಬೆಣ್ಣೆ, ಸಕ್ಕರೆ, ಮೈದಾ ತಲಾ 200 ಗ್ರಾಂ, 4 ಮೊಟ್ಟೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, 2 ನಿಂಬೆಹಣ್ಣಿನ ರಸ. ಮೊಟ್ಟೆ ಸೇರಿಸುತ್ತಿದ್ದಂತೆಯೇ ಮಿಶ್ರಣ ಒಡೆದು ನೀರು ಬಿಡುತ್ತದೆ, ಬೆಂದ ಕೇಕ್ ಅಡಕವಾಗಿ ಕೂರುತ್ತದೆ, ನಿಂಬೆಯ ಪರಿಮಳ ಇದ್ದೂ ಇಲ್ಲದಂತಿರುತ್ತದೆ, ಮರುದಿನ ಬೆಳಿಗ್ಗೆಗೆ ಅದು ಇನ್ನೂ ಗಟ್ಟಿಯಾಗಿರುತ್ತದೆ. ಎರಡನೆಯ ಸಲ ಬೇಕಿಂಗ್ ಪೌಡರನ್ನು ಹೆಚ್ಚಿಸಿ ನೋಡಿದರೂ ಪ್ರಯೋಜನವಾಗಲಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1

ನಿಮ್ಮ ಅಳತೆಯಲ್ಲಿ ದೋಷವಿಲ್ಲ. ಸಿಪ್ಪೆ ತೆಗೆದ 4 ಮೊಟ್ಟೆಗಳ ತೂಕ ಸುಮಾರು 200 ಗ್ರಾಂ ಆಗುವುದರಿಂದ ಇದು ನಾಲ್ಕೂ ಪದಾರ್ಥಗಳು ಸಮತೂಕದಲ್ಲಿರುವ ಹಳೆಯ, ನಂಬಿಕೆಗೆ ಅರ್ಹವಾದ ಪದ್ಧತಿಯೇ ಆಗಿದೆ. ಬದಲಾದದ್ದು ಅಡುಗೆಮನೆಯ ಉಷ್ಣತೆ ಮಾತ್ರ, ಮತ್ತು ಈ ಬಗೆಯ ಕೇಕಿಗೆ ಅದೇ ಮುಖ್ಯ.

ಬೆಣ್ಣೆ ಮತ್ತು ಸಕ್ಕರೆಯನ್ನು ಒಟ್ಟಿಗೆ ಕಡೆಯುವಾಗ ಸಕ್ಕರೆಯ ಹರಳುಗಳು ಬೆಣ್ಣೆಯೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಸೇರಿಸುತ್ತವೆ. ಬೇಕಿಂಗ್ ಪೌಡರ್ ಓವನ್ನಿನೊಳಗೆ ಮುಖ್ಯವಾಗಿ ಆಗಲೇ ಇರುವ ಗುಳ್ಳೆಗಳನ್ನು ದೊಡ್ಡದು ಮಾಡುತ್ತದೆಯೇ ಹೊರತು ಹೊಸ ಗುಳ್ಳೆಗಳನ್ನು ಹುಟ್ಟಿಸುವುದಿಲ್ಲವಾದ್ದರಿಂದ, ಕಡೆಯುವ ಹಂತದಲ್ಲಿ ಸೇರದ ಗಾಳಿಯನ್ನು ಆಮೇಲೆ ಪೌಡರಿನಿಂದ ತುಂಬಿಕೊಳ್ಳಲು ಆಗುವುದಿಲ್ಲ. ನಿಮ್ಮ ಎರಡನೆಯ ಪ್ರಯತ್ನ ಸೋತದ್ದು ಇದೇ ಕಾರಣಕ್ಕೆ. ಬೆಣ್ಣೆ 18ರಿಂದ 21 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿದ್ದರೆ ಗಾಳಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಅದಕ್ಕಿಂತ ತಣ್ಣಗಿದ್ದರೆ ಉಂಡೆಯುಂಡೆಯಾಗಿ ಪಾತ್ರೆಯ ಬದಿಗೆ ಅಂಟಿಕೊಳ್ಳುತ್ತದೆ. ಬೆರಳಿನಿಂದ ಒತ್ತಿದರೆ ಸಲೀಸಾಗಿ ಕುಳಿ ಬೀಳಬೇಕು, ಆದರೆ ಮೇಲ್ಮೈ ಎಣ್ಣೆಯಂತೆ ಹೊಳೆಯಬಾರದು. ಚಳಿಯಲ್ಲಿ ಬೆಣ್ಣೆಯನ್ನು ಒಂದು ಗಂಟೆ ಹೊರಗಿಟ್ಟರೂ ಸಾಲದು. ಚಿಕ್ಕ ಚೌಕಗಳಾಗಿ ಕತ್ತರಿಸಿ, ಬಿಸಿನೀರಿನಲ್ಲಿ ತೊಳೆದು ಒರೆಸಿದ ಪಾತ್ರೆಯಲ್ಲಿ ಹರಡಿಟ್ಟರೆ ಬೇಗ ಹದಕ್ಕೆ ಬರುತ್ತದೆ. ಆತುರದಲ್ಲಿ ಒಲೆಯ ಪಕ್ಕ ಇಟ್ಟು ಅರ್ಧ ಕರಗಿಸಿಕೊಂಡ ತಪ್ಪನ್ನು ನಾನೂ ಮಾಡಿದ್ದೇನೆ. ಕರಗಿದ ಬೆಣ್ಣೆ ಗಾಳಿಯನ್ನು ಹಿಡಿಯುವುದೇ ಇಲ್ಲ, ಆ ದಿನದ ಕೇಕನ್ನು ಬಿಸ್ಕತ್ತು ಎಂದು ಹೇಳಿ ಬಡಿಸಿದ್ದೆ.

ಮಿಶ್ರಣ ಒಡೆಯುವುದಕ್ಕೆ ಕಾರಣ ತಣ್ಣನೆಯ ಮೊಟ್ಟೆ. ಬೆಣ್ಣೆಯ ಕೊಬ್ಬು ಮೊಟ್ಟೆಯ ನೀರಿನೊಂದಿಗೆ ಕೂಡಿಕೊಂಡಿರಬೇಕಾದರೆ ಎರಡೂ ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿರಬೇಕು. ಮೊಟ್ಟೆ ತಣ್ಣಗಿದ್ದರೆ ಕೊಬ್ಬು ಥಟ್ಟನೆ ಗಟ್ಟಿಯಾಗಿ ನೀರಿನಿಂದ ಬೇರ್ಪಡುತ್ತದೆ. ಮೊಟ್ಟೆಗಳನ್ನು ಒಡೆಯುವ ಮೊದಲು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಡಿ, ಒಂದೊಂದಾಗಿ ಸೇರಿಸಿ, ಒಂದು ಪೂರ್ತಿ ಬೆರೆತ ಮೇಲೆಯೇ ಮುಂದಿನದನ್ನು ಹಾಕಿ. ಆದರೂ ಒಡೆಯತೊಡಗಿದರೆ, ಅಳೆದಿಟ್ಟ ಮೈದಾದಿಂದ ಒಂದು ದೊಡ್ಡ ಚಮಚವನ್ನು ಬೆರೆಸಿ, ಪಾತ್ರೆಯ ತಳವನ್ನು ಕೆಲವು ಕ್ಷಣ ಬೆಚ್ಚನೆಯ ನೀರಿನ ಮೇಲೆ ಹಿಡಿದು ಮತ್ತೆ ಕಡೆದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ.

ಉತ್ತರ 2

ಮೇಲಿನವರು ಹದದ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅಳತೆಯಲ್ಲಿ ದೋಷವಿಲ್ಲವೆಂಬ ಮಾತನ್ನು ಪೂರ್ತಿ ಒಪ್ಪಲಾರೆ. ಎರಡು ಹಣ್ಣುಗಳ ರಸವನ್ನೆಲ್ಲ ಹಿಟ್ಟಿಗೆ ಸುರಿಯುವುದರಿಂದ ನೀರಿನ ಅಂಶ ಹೆಚ್ಚುತ್ತದೆಯೇ ವಿನಾ ಪರಿಮಳ ಹೆಚ್ಚುವುದಿಲ್ಲ. ನಿಂಬೆಯ ಘಮ ಬಹುಮಟ್ಟಿಗೆ ಇರುವುದು ಸಿಪ್ಪೆಯ ಹಳದಿ ಪದರದಲ್ಲಿರುವ ಎಣ್ಣೆಯ ಚೀಲಗಳಲ್ಲಿ. ರಸ ಕೊಡುವುದು ಹುಳಿಯನ್ನು, ಅದರಲ್ಲಿರುವ ಅಷ್ಟಿಷ್ಟು ಪರಿಮಳವೂ ಬೇಯುವಾಗ ಹಾರಿಹೋಗುತ್ತದೆ. ಆದ್ದರಿಂದ ಹಣ್ಣನ್ನು ಮೊದಲು ಬಿಸಿನೀರಿನಲ್ಲಿ ಉಜ್ಜಿ ತೊಳೆದು (ಹೊಳಪಿಗಾಗಿ ಮೇಣ ಸವರಿದ ಹಣ್ಣುಗಳೇ ಹೆಚ್ಚಾಗಿ ಸಿಗುತ್ತವೆ), ಹಳದಿ ಭಾಗವನ್ನಷ್ಟೇ ಸಣ್ಣಗೆ ತುರಿದುಕೊಳ್ಳಿ. ಅದರ ಕೆಳಗಿನ ಬಿಳಿ ಪದರ ಕಹಿಯಾಗಿರುವುದರಿಂದ ಒಂದೇ ಜಾಗದಲ್ಲಿ ಎರಡು ಸಲ ತುರಿಯದೆ ಹಣ್ಣನ್ನು ತಿರುಗಿಸುತ್ತಿರಬೇಕು. ಈ ತುರಿಯನ್ನು ಅಳೆದಿಟ್ಟ ಸಕ್ಕರೆಗೆ ಹಾಕಿ ಬೆರಳ ತುದಿಯಲ್ಲಿ ಎರಡು ನಿಮಿಷ ತಿಕ್ಕಿದರೆ ಹರಳುಗಳು ಎಣ್ಣೆಯನ್ನು ಬಿಡಿಸಿಕೊಂಡು ಒದ್ದೆ ಮರಳಿನಂತಾಗುತ್ತವೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಳಿಗೆ ಅದು.

ಹಿಟ್ಟಿಗೆ ಒಂದು ದೊಡ್ಡ ಚಮಚ ರಸ ಸಾಕು. ಉಳಿದದ್ದರಲ್ಲಿ ಮೂರು ದೊಡ್ಡ ಚಮಚದಷ್ಟನ್ನು 60 ಗ್ರಾಂ ಸಕ್ಕರೆಯೊಂದಿಗೆ ಕರಗುವವರೆಗೆ ಮಾತ್ರ ಬಿಸಿ ಮಾಡಿ, ಕೇಕ್ ಓವನ್ನಿನಿಂದ ಹೊರಬಂದ ಕೂಡಲೇ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ಮೇಲಿನಿಂದ ನಿಧಾನವಾಗಿ ಸುರಿಯಿರಿ. ಸಕ್ಕರೆಯನ್ನು ಕರಗಿಸದೆ ರಸದಲ್ಲಿ ಕಲಕಿ ತಕ್ಷಣ ಸುರಿದರೆ ಆರಿದ ಮೇಲೆ ಗರಿಗರಿಯಾದ ತೆಳು ಪೊರೆ ಕಟ್ಟುತ್ತದೆ. ಎರಡರಲ್ಲಿ ಯಾವುದಾದರೂ ಸರಿ, ಆದರೆ ರಸದ ಹುಳಿ ನಾಲಗೆಗೆ ತಾಗುವುದು ಈ ದಾರಿಯಿಂದ ಮಾತ್ರ. ಕಿತ್ತಳೆ ಹಾಕುವವರು ಅದರ ರಸಕ್ಕೆ ಒಂದು ಚಮಚ ನಿಂಬೆರಸ ಸೇರಿಸಬೇಕು, ಇಲ್ಲದಿದ್ದರೆ ಬರೀ ಸಿಹಿಯಾಗುತ್ತದೆ.

ಉತ್ತರ 3

ಮರುದಿನ ಗಟ್ಟಿಯಾಗುವುದರ ಬಗ್ಗೆ ಯಾರೂ ಹೇಳಲಿಲ್ಲ. ಅದು ಬಹಳ ಮಟ್ಟಿಗೆ ಒಣಗಿದ್ದಲ್ಲ, ಚಳಿಗೆ ಕೇಕಿನೊಳಗಿನ ಬೆಣ್ಣೆ ಹೆಪ್ಪುಗಟ್ಟಿದ್ದು. ತುಂಡನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಮೊದಲಿನ ಮೃದುತ್ವ ಬಹುಪಾಲು ಮರಳುತ್ತದೆ. ನಾನು ಚಳಿಗಾಲದ ತಿಂಗಳುಗಳಲ್ಲಿ ಬೆಣ್ಣೆಯನ್ನೇ ಬಿಟ್ಟು ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ ಬಳಸುತ್ತೇನೆ. ಬೆಣ್ಣೆಯಲ್ಲಿ ಕೊಬ್ಬು ಸುಮಾರು 80 ಶೇಕಡಾ, ಉಳಿದದ್ದು ಹೆಚ್ಚಾಗಿ ನೀರು. ಹಾಗಾಗಿ 200 ಗ್ರಾಂ ಬೆಣ್ಣೆಯ ಬದಲು 160 ಗ್ರಾಂ ಎಣ್ಣೆ ಮತ್ತು ಎರಡು ಮೂರು ದೊಡ್ಡ ಚಮಚ ಹಾಲು ಸಾಕಾಗುತ್ತದೆ. ಆಗ ಗಾಳಿ ಸೇರಿಸುವ ಹೊಣೆ ಮೊಟ್ಟೆಯದು: ಮೊಟ್ಟೆ ಮತ್ತು ಸಕ್ಕರೆಯನ್ನು ಬಣ್ಣ ತಿಳಿಯಾಗಿ ನೊರೆ ದಪ್ಪವಾಗುವವರೆಗೆ ಕಡೆದು, ಎಣ್ಣೆಯನ್ನು ಸಣ್ಣ ಧಾರೆಯಲ್ಲಿ ಸೇರಿಸಬೇಕು. ತೆಂಗಿನೆಣ್ಣೆ ಬೇಡ, ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ತಾನೇ ಹೆಪ್ಪುಗಟ್ಟುತ್ತದೆ. ಬೆಣ್ಣೆಯ ರುಚಿ ಇರುವುದಿಲ್ಲ, ನಿಜ. ನಿಂಬೆಯ ಮುಂದೆ ಅದರ ಕೊರತೆ ನನಗಂತೂ ಕಾಣಿಸಿಲ್ಲ.

ಉತ್ತರ 4

ಒಂದು ಸಣ್ಣ ಸೇರ್ಪಡೆ. ಓವನ್ನಿನ ದೀಪ ಆರಿದ ಮಾತ್ರಕ್ಕೆ ಅದು ಸಿದ್ಧವಾಯಿತೆಂದು ತಿಳಿಯಬೇಡಿ. ಗಾಳಿ ಕಾದಿದ್ದರೂ ಗೋಡೆಗಳು ಕಾದಿರುವುದಿಲ್ಲ, ಬಾಗಿಲು ತೆರೆದರೆ ಶಾಖವೆಲ್ಲ ಹೋಗುತ್ತದೆ. ಚಳಿಯಲ್ಲಿ ನಾನು 170 ಡಿಗ್ರಿಗೆ ಇಟ್ಟು ದೀಪ ಆರಿದ ಮೇಲೂ ಕಾಲು ಗಂಟೆ ಕಾಯುತ್ತೇನೆ. 20 ಸೆಂಟಿಮೀಟರ್ ಟಿನ್ನಿನಲ್ಲಿ 40ರಿಂದ 45 ನಿಮಿಷ ಬೇಕಾಗುತ್ತದೆ, ಮೊದಲ ಅರ್ಧ ಗಂಟೆ ಬಾಗಿಲನ್ನು ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಈ ಭಾನುವಾರ ಬೆಣ್ಣೆಯಲ್ಲೇ ಮಾಡಿದೆ. ಮೊಟ್ಟೆಗಳನ್ನು ಬೆಚ್ಚಗಿನ ನೀರಿನಲ್ಲಿಟ್ಟೆ, ತುರಿಯನ್ನು ಸಕ್ಕರೆಯಲ್ಲಿ ತಿಕ್ಕಿದೆ, ರಸವನ್ನು ಕೊನೆಗೆ ಸುರಿದೆ. ನಾಲ್ಕನೆಯ ಮೊಟ್ಟೆಗೆ ಮಿಶ್ರಣ ಸ್ವಲ್ಪ ಒಡೆಯುವಂತಾಯಿತು, ಒಂದು ಚಮಚ ಮೈದಾ ಅದನ್ನು ಕೂಡಿಸಿತು. ಕೇಕ್ ಹಿಂದಿನದಕ್ಕಿಂತ ಎರಡು ಬೆರಳು ಎತ್ತರಕ್ಕೆ ಎದ್ದಿದೆ. ಪಾಕವನ್ನು ಆತುರದಿಂದ ನಡುವೆಯೇ ಸುರಿದದ್ದರಿಂದ ಮಧ್ಯದ ತುಂಡುಗಳು ತೊಯ್ದು, ಅಂಚಿನವು ಹಾಗೆಯೇ ಉಳಿದವು. ಮುಂದಿನ ಸಲ ಅಂಚಿನಿಂದ ಸುರಿಯಲು ಆರಂಭಿಸುತ್ತೇನೆ.