ರಾತ್ರಿ ಸೈಕಲ್ ಸವಾರಿಗೆ ಎಷ್ಟು ಲುಮೆನ್‌ನ ದೀಪ ಬೇಕು?

ಪ್ರಶ್ನೆ – ಇರುಳುಸವಾರ
ಕೆಲಸ ಮುಗಿಸಿ ಮನೆಗೆ ಮರಳುವಷ್ಟರಲ್ಲಿ ಕತ್ತಲಾಗುವುದರಿಂದ ಸೈಕಲ್‌ಗೆ ಒಳ್ಳೆಯ ದೀಪ ಕೊಳ್ಳಬೇಕೆಂದಿದ್ದೇನೆ. ಅರ್ಧ ದಾರಿಯಲ್ಲಿ ಬೀದಿದೀಪಗಳಿವೆ. ಉಳಿದರ್ಧ ಪೂರ್ತಿ ಕತ್ತಲು, ಅಲ್ಲಲ್ಲಿ ಗುಂಡಿಗಳೂ ಇವೆ. ನನ್ನ ವೇಗ ಗಂಟೆಗೆ ಸುಮಾರು 25 ಕಿಲೋಮೀಟರ್. ಕೆಲವು ಪೆಟ್ಟಿಗೆಗಳ ಮೇಲೆ 200 ಲುಮೆನ್, ಕೆಲವುಗಳ ಮೇಲೆ 1,000 ಲುಮೆನ್ ಎಂದಿದ್ದರೆ, ಇನ್ನು ಕೆಲವು ಲಕ್ಸ್ ಲೆಕ್ಕ ಹೇಳುತ್ತವೆ. ಯಾವುದನ್ನು ನೋಡಿ ಆರಿಸಬೇಕು?

ಉತ್ತರ – ಹಳೆಚಕ್ರ
ಮೊದಲು ನಿಮ್ಮ ವೇಗದಿಂದಲೇ ಲೆಕ್ಕ ಹಾಕಿ. ಗಂಟೆಗೆ 25 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಗುಂಡಿ ಕಣ್ಣಿಗೆ ಬಿದ್ದು ಬೆರಳು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೆ ಆಗಲೇ 10 ಮೀಟರ್ ಮುಂದೆ ಬಂದಿರುತ್ತೀರಿ, ಒಣ ರಸ್ತೆಯಲ್ಲಿ ನಿಲ್ಲಲು ಮತ್ತೆ 5 ಮೀಟರ್ ಬೇಕು, ಒದ್ದೆ ರಸ್ತೆಯಾದರೆ ಇನ್ನೂ ಹೆಚ್ಚು. ಹಾಗಾಗಿ 20 ಮೀಟರ್ ದೂರದ ರಸ್ತೆಯನ್ನು ಸ್ಪಷ್ಟವಾಗಿ ತೋರಿಸದ ದೀಪ ನಿಮಗೆ ಸಾಲದು.

ಲುಮೆನ್ ಎಂಬುದು ದೀಪ ಎಲ್ಲ ದಿಕ್ಕಿಗೂ ಸೂಸುವ ಒಟ್ಟು ಬೆಳಕು. ಲಕ್ಸ್ ಎಂಬುದು ಒಂದು ಜಾಗದ ಮೇಲೆ ನಿಜವಾಗಿ ಬೀಳುವ ಬೆಳಕು. ದೂರ ಎರಡು ಪಟ್ಟಾದರೆ ಲಕ್ಸ್ ಕಾಲುಭಾಗಕ್ಕೆ ಇಳಿಯುತ್ತದೆ. ಬೆಳಕನ್ನು ಮರದ ಕೊಂಬೆಗಳಿಗೆಲ್ಲ ಚೆಲ್ಲುವ 1,000 ಲುಮೆನ್‌ಗಿಂತ ರಸ್ತೆಗೇ ಹರಿಸುವ 400 ಲುಮೆನ್ ಮೇಲು ಎಂಬುದು ನನ್ನ ಅಭಿಪ್ರಾಯ. ಬೀದಿದೀಪವಿರುವ ಕಡೆ ನೀವು ಇತರರಿಗೆ ಕಾಣಿಸುವುದೇ ಮುಖ್ಯವಾದ್ದರಿಂದ ಅಲ್ಲಿ 200 ಸಾಕು.

ಉತ್ತರ – ತಂತಿಬ್ಯಾಟರಿ
ಪೆಟ್ಟಿಗೆಯ ಮೇಲಿನ ಅಂಕಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನೂ ಕೇಳಿ. 3,500 ಎಂಎಎಚ್ (ಮಿಲಿಆಂಪಿಯರ್-ಗಂಟೆ) ಸಾಮರ್ಥ್ಯದ ಒಂದು ಲಿಥಿಯಂ ಸೆಲ್‌ನಲ್ಲಿ ಹೆಚ್ಚೆಂದರೆ 12–13 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. 1,000 ಲುಮೆನ್‌ಗೆ ಸುಮಾರು 10 ವ್ಯಾಟ್ ಬೇಕಾಗುವುದರಿಂದ, ಅಂಥ ಒಂದೇ ಸೆಲ್ಲಿನ ದೀಪ ‘ಐದು ಗಂಟೆ ಪೂರ್ಣ ಪ್ರಕಾಶ’ ಎಂದು ಹೇಳಿಕೊಂಡರೆ ನಂಬಬೇಡಿ. ಹಲವು ದೀಪಗಳು ಬಿಸಿಯಾದೊಡನೆ ತಾವಾಗಿಯೇ ಪ್ರಕಾಶ ತಗ್ಗಿಸಿಕೊಳ್ಳುತ್ತವೆ. ನಡುವಿನ ಹಂತದಲ್ಲಿ ನಿಮ್ಮ ದಾರಿ ಸಾಗಿ, ಮೇಲಿನ ಹಂತ ಆಗೊಮ್ಮೆ ಈಗೊಮ್ಮೆ ಮಾತ್ರ ಬೇಕಾಗುವಂಥದ್ದನ್ನು ಕೊಳ್ಳಿ. ಮಳೆಗೆ ಐಪಿಎಕ್ಸ್4 ಗುರುತು, ಅಂದರೆ ಯಾವ ದಿಕ್ಕಿನಿಂದ ನೀರು ಸಿಡಿದರೂ ತಡೆಯುತ್ತದೆ ಎಂಬ ಗುರುತು, ಕನಿಷ್ಠ ಅಗತ್ಯ.

ಪ್ರಶ್ನೆ – ಇರುಳುಸವಾರ
ಧನ್ಯವಾದಗಳು. ದೀಪವನ್ನು ಹೆಲ್ಮೆಟ್‌ಗೆ ಕಟ್ಟಿದರೆ ಇನ್ನೂ ದೂರ ಕಾಣುವುದಿಲ್ಲವೇ?

ಉತ್ತರ – ಹಳೆಚಕ್ರ
ತಿರುವುಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ಆದರೆ ಅದೊಂದನ್ನೇ ನೆಚ್ಚಬೇಡಿ. ಹೆಲ್ಮೆಟ್ ದೀಪ ಕಣ್ಣಿನ ಮಟ್ಟದಲ್ಲೇ ಇರುವುದರಿಂದ ಗುಂಡಿಯ ನೆರಳು ನಮಗೆ ಕಾಣದಂತೆ ಮರೆಯಾಗಿ, ರಸ್ತೆಯೆಲ್ಲ ಸಪಾಟಾಗಿ ತೋರುತ್ತದೆ. ಹ್ಯಾಂಡಲ್‌ನ ದೀಪ ಕೆಳಗಿನಿಂದ ಬೆಳಗುವುದರಿಂದ ಸಣ್ಣ ಕಲ್ಲಿಗೂ ಉದ್ದನೆಯ ನೆರಳು ಬಿದ್ದು, ದೂರದಿಂದಲೇ ಎಚ್ಚರವಾಗುತ್ತದೆ. ಅಲ್ಲದೆ ಎದುರಿಗೆ ಬರುವವರತ್ತ ತಲೆ ತಿರುಗಿಸಿದರೆ ಹೆಲ್ಮೆಟ್ ದೀಪ ನೇರವಾಗಿ ಅವರ ಕಣ್ಣಿಗೇ ಹೊಡೆಯುತ್ತದೆ. ಜರ್ಮನಿಯ ಎಸ್‌ಟಿವಿಝಡ್‌ಒ ಎಂಬ ವಾಹನ ನಿಯಮದ ಮುಂದೀಪಗಳಲ್ಲಿ ಬೆಳಕಿನ ಮೇಲಂಚು ಗೆರೆ ಎಳೆದಂತೆ ಕತ್ತರಿಸಿರುವುದು ಈ ಕಾರಣಕ್ಕೇ.

ಉತ್ತರ – ಕೆಂಪುಕಣ್ಣು
ಹಿಂದೀಪದ ಮಾತೇ ಬರಲಿಲ್ಲವಲ್ಲ! ಅದು ಬರೀ ಮಿನುಗುತ್ತಿದ್ದರೆ ಹಿಂದಿನಿಂದ ಬರುವ ಚಾಲಕನಿಗೆ ದೂರದ ಅಂದಾಜು ಸಿಗುವುದು ಕಷ್ಟವಾದ್ದರಿಂದ, ಸ್ಥಿರವಾಗಿ ಉರಿಯುವ ಒಂದನ್ನು ಹಾಕಿ, ಬೇಕಿದ್ದರೆ ಮಿನುಗುವ ಇನ್ನೊಂದನ್ನು ಜೊತೆಗಿಡಿ. ಸೀಟಿನ ಕೆಳಗೆ ಚೀಲ ಕಟ್ಟುವ ಅಭ್ಯಾಸವಿದ್ದರೆ, ದೀಪ ಅದರ ಹಿಂದೆ ಮರೆಯಾಗಿಲ್ಲವೇ ಎಂದು ಹತ್ತು ಹೆಜ್ಜೆ ಹಿಂದೆ ನಿಂತು ನೋಡಿಕೊಳ್ಳಿ.