ಪದ ಬೇಕು: 'ಜಾಸ್ ಕಿಸ್ಸಾ'ಗೆ ಕನ್ನಡದಲ್ಲಿ ಏನನ್ನೋಣ? ಸಂಜೆಯೊಳಗೆ!

ಎಲ್ಲರಿಗೂ ನಮಸ್ಕಾರ. ಒಂದು ಅನುವಾದದ ನಡುವೆ ಸಿಕ್ಕಿಕೊಂಡಿದ್ದೇನೆ, ಸಂಜೆ ಆರಕ್ಕೆ ಪುಟ ಕಟ್ಟಿ ಕಳಿಸುತ್ತಾರಂತೆ. ಬರಹ ಜಪಾನಿನ ಜಾಸ್ ಕಿಸ್ಸಾಗಳ ಬಗ್ಗೆ. ಚಿಕ್ಕ ಕಾಫಿ ಅಂಗಡಿ, ಹದಿನೈದಿಪ್ಪತ್ತು ಕುರ್ಚಿ, ಎದುರಿಗೆ ಬೀರು ಗಾತ್ರದ ಎರಡು ಸ್ಪೀಕರು, ಗೋಡೆ ತುಂಬ ಎಲ್‌ಪಿ ರಿಕಾರ್ಡು. ಮಾಲೀಕ ಒಂದು ರಿಕಾರ್ಡು ಆರಿಸಿ ಹಾಕುತ್ತಾನೆ, ಅದರ ಕವರನ್ನು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸುತ್ತಾನೆ, ಆಮೇಲೆ ಆ ಬದಿ ಮುಗಿಯುವ ತನಕ, ಅಂದರೆ ಸುಮಾರು 20 ನಿಮಿಷ, ಯಾರೂ ಪಿಟಕ್ ಅನ್ನುವ ಹಾಗಿಲ್ಲ.

'ಸಂಗೀತ ಕೆಫೆ' ಅಂತ ಬರೆದೆ. ನಮ್ಮ ಮನೆಯವರು ಓದಿ "ಅಲ್ಲಿ ಯಾರು ಹಾಡ್ತಾರೆ?" ಅಂದರು. ಯಾರೂ ಹಾಡಲ್ಲ, ಅದೇ ತೊಂದರೆ. ಸ್ಪೀಕರಿಗೆ 'ಧ್ವನಿವರ್ಧಕ' ಅಂತ ಹಾಕಿದ್ದೆ, ಅದನ್ನು ನಾನೇ ಹೊಡೆದುಹಾಕಿದೆ. ಆ ಪದ ಕಂಡರೆ ಗಣೇಶನ ಪೆಂಡಾಲು, ರಾತ್ರಿ 10ರ ಮೇಲೆ ನಿಷೇಧ, ಇಷ್ಟೇ ನೆನಪಾಗೋದು.

ಇನ್ನೊಂದು ಸಣ್ಣ ಪ್ರಶ್ನೆ. ಹೆಸರು ಹಾಗೇ ಉಳಿಸಿಕೊಂಡರೆ ಕಿಸ್ಸಾಕ್ಕೆ ಅನ್ನಬೇಕೋ ಕಿಸ್ಸಾಗೆ ಅನ್ನಬೇಕೋ?
– ಅನುವಾದಕಿ

ಕೇಳ್ಮನೆ. ಮುಗೀತು.
– ಅಚ್ಚಗನ್ನಡ

> ಕೇಳ್ಮನೆ. ಮುಗೀತು.

ಮುಗಿದಿಲ್ಲ. ಅವಸರದಲ್ಲಿ ಓದುವವನಿಗೆ ಇದು 'ಕೆಳಮನೆ' ಅಂತ ಕಾಣುತ್ತದೆ, ಲೋಕಸಭೆಯಲ್ಲಿ ಕಾಫಿ ಕೊಡುತ್ತಿದ್ದಾರೆ ಅಂದುಕೊಳ್ಳುತ್ತಾನೆ. ಸರಿಯಾಗಿ ಓದಿದರೂ ಕಷ್ಟವೇ. ಕನ್ನಡದಲ್ಲಿ ಕೇಳು ಅಂದರೆ ಕಿವಿಗೊಡು ಅಂತಲೂ ಹೌದು, ಪ್ರಶ್ನೆ ಹಾಕು ಅಂತಲೂ ಹೌದು. ಕೇಳ್ಮನೆ ಅಂದರೆ ಬಸ್ ನಿಲ್ದಾಣದ ವಿಚಾರಣೆ ಕೌಂಟರು.

'ಸಂಗೀತಮನೆ' ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಸೇರಿಸುವ ದೋಷ. ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ರಿಯಾಯಿತಿ ಕೊಟ್ಟಿದ್ದಾನೆ, ಕಾಫಿ ಅಂಗಡಿಗೆ ಕೊಟ್ಟಿಲ್ಲ. ನನ್ನ ಸಲಹೆ: ಶ್ರವಣ ಮಂದಿರ.
– ನಿವೃತ್ತ ಮೇಷ್ಟ್ರು, ಮೈಸೂರು

ಮೇಷ್ಟ್ರ, ಶ್ರವಣ ಮಂದಿರ ಅಂದರೆ ನಮ್ಮ ಕಡೆ ಕಿವಿ ಮಷಿನ್ ಮಾರೋ ಅಂಗಡಿ ಅಂತ ತಿಳಿತಾರ ರೀ. ಇಲ್ಲಾಂದ್ರೆ ಬೆಳಗೊಳದ ಬಸ್ ಹಿಡೀತಾರೆ.
– ಧಾರವಾಡದವ

> ಇಲ್ಲಾಂದ್ರೆ ಬೆಳಗೊಳದ ಬಸ್ ಹಿಡೀತಾರೆ.

ಅದು ಬೇರೆ. ಬೆಳಗೊಳದ 'ಶ್ರವಣ' ಬಂದದ್ದು ಶ್ರಮಣದಿಂದ, ಅಂದರೆ ಜೈನ ಸನ್ಯಾಸಿ, ಕಿವಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಇಲ್ಲಿ ಹಿಂದೆಯೂ ಹೇಳಿದ್ದೇನೆ.
– ನಿವೃತ್ತ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಯೊಕೊಹಾಮಾದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ, ಇಂಥ ಜಾಗಗಳಿಗೆ ಹೋಗಿ ಕೂತು ಅಭ್ಯಾಸ ಇದೆ, ಅದಕ್ಕೆ ಬಾಯಿ ಹಾಕ್ತಿದ್ದೇನೆ.

ನೀವೆಲ್ಲ ಮೊದಲನೇ ಹೆಜ್ಜೆಯಲ್ಲೇ ಎಡವಿದ್ದೀರಿ. ಕಿಸ್ಸಾ ಅನ್ನುವ ಪದದಲ್ಲಿ ಸಂಗೀತವೇ ಇಲ್ಲ! ಅದು ಕಿಸ್ಸಾತೆನ್ ಅನ್ನೋದರ ಮೊಟಕು ರೂಪ. ಮೂರು ಅಕ್ಷರ: ಕುಡಿ, ಟೀ, ಅಂಗಡಿ. ಟೀ ಕುಡಿಯೋ ಅಂಗಡಿ, ಅಷ್ಟೇ, ಕೊಡೋದು ಮಾತ್ರ ಹೆಚ್ಚಾಗಿ ಕಾಫಿ. ಸಂಗೀತ ಬರೋದು ಅದಕ್ಕೆ ಮೊದಲು ಅಂಟಿಸುವ ಪದದಿಂದ. ಜಾಸ್ ಕಿಸ್ಸಾ ಅಂದರೆ ಜಾಸ್ ಕೇಳೋದಕ್ಕೆ. ಮೇಕ್ಯೊಕು ಕಿಸ್ಸಾ ಅಂದರೆ ಪಾಶ್ಚಾತ್ಯ ಶಾಸ್ತ್ರೀಯಕ್ಕೆ. ಉತಾಗೊಯೆ ಕಿಸ್ಸಾ ಅಂತ ಇನ್ನೊಂದಿದೆ, ಅಲ್ಲಿ ಗಿರಾಕಿಗಳೇ ಸೇರಿ ಹಾಡುತ್ತಾರೆ. ಮಂಗಾ ಕಿಸ್ಸಾದಲ್ಲಿ ಕೂತು ಕಾಮಿಕ್ಸ್ ಓದೋದು. ಹೆಂಡ ಕೊಡದೆ ಇರೋದು ಜುನ್ ಕಿಸ್ಸಾ, ಜುನ್ ಅಂದರೆ ಶುದ್ಧ. (ಶುದ್ಧದ ಗೀಳು ಅಲ್ಲೂ ಇದೆ, ಅಚ್ಚಗನ್ನಡದವರಿಗೆ ಖುಷಿಯಾಗಬಹುದು.)

ಹಾಗಾಗಿ ಕಿಸ್ಸಾಗೆ 'ಕೇಳು', 'ಶ್ರವಣ' ಅಂತ ಹುಡುಕಿದರೆ ಜಪಾನಿಯವರು ಹೇಳದೆ ಇದ್ದದ್ದನ್ನು ನೀವು ಹೇಳಿದ ಹಾಗಾಗುತ್ತೆ.

ಟೋಕಿಯೋದ ಶಿಬುಯಾದಲ್ಲಿರೋ ಲಯನ್ ಅನ್ನೋ ಕಿಸ್ಸಾ ಶುರುವಾದದ್ದು 1926ರಲ್ಲಿ. ಅದು ಶಾಸ್ತ್ರೀಯದ್ದು. ಕುರ್ಚಿಗಳೆಲ್ಲ ಸ್ಪೀಕರ್ ಕಡೆಗೆ ಮುಖ ಮಾಡಿವೆ, ಸಿನಿಮಾ ಟಾಕೀಸಿನಲ್ಲಿ ಇರೋ ಹಾಗೆ, ಪರದೆ ಒಂದಿಲ್ಲ. ಮಾತಾಡೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ. ನಮ್ಮೂರು ಯೊಕೊಹಾಮಾದ ಚಿಗುಸಾ 1933ರದ್ದು, ಜಾಸ್‌ನದು. ಯುದ್ಧ ಮುಗಿದ ಮೇಲೆ ಇವು ಊರೂರಲ್ಲಿ ಎದ್ದವು, ಕಾರಣ ಸರಳ. ಅಮೆರಿಕದಿಂದ ಬರುವ ಎಲ್‌ಪಿ ಕೊಳ್ಳೋದು ಸಾಮಾನ್ಯ ಸಂಬಳದವನ ಕೈಗೆ ಎಟುಕುತ್ತಿರಲಿಲ್ಲ, ಒಳ್ಳೇ ಆಂಪ್ಲಿಫೈಯರಿನ ಮಾತು ಬಿಡಿ. ಒಂದು ಕಾಫಿ ದುಡ್ಡಿಗೆ ಗಂಟೆಗಟ್ಟಲೆ ಕೂತು ಕೇಳಬಹುದಿತ್ತು. ಇವಾತೆ ಪ್ರಾಂತ್ಯದ ಇಚಿನೊಸೆಕಿಯಲ್ಲಿ 1970ರಲ್ಲಿ ಶುರುವಾದ ಬೇಸಿ ಅಂತೊಂದಿದೆ, ಹಳೇ ಉಗ್ರಾಣದೊಳಗೆ ಜೆಬಿಎಲ್ ಕಂಪನಿಯ ಸ್ಪೀಕರು. ಅದನ್ನು ಕೇಳೋದಕ್ಕೇ ಜನ ಟೋಕಿಯೋದಿಂದ ರೈಲು ಹತ್ತಿ ಹೋಗ್ತಿದ್ದರು.

ಅನುವಾದಕಿಯವರೇ, ಒಂದು ತಿದ್ದುಪಡಿ. ಎಲ್ಲ ಕಡೆ ಮೌನ ಅಂತ ಬರೆಯಬೇಡಿ. ಎಷ್ಟೋ ಜಾಸ್ ಕಿಸ್ಸಾಗಳಲ್ಲಿ ಮೆಲ್ಲಗೆ ಮಾತಾಡಬಹುದು, ಹಗಲು ಒಂದು ಕಟ್ಟಳೆ, ಸಂಜೆ ಇನ್ನೊಂದು ಇರೋದೂ ಉಂಟು.
– ಯೊಕೊಹಾಮಾ ಕನ್ನಡಿಗ

ಯೊಕೊಹಾಮಾದವರು ಹೇಳಿದ್ದು ಓದಿ ಖುಷಿ ಆಯ್ತು. ಆದರ ಒಂದು ಮಾತು ಬಿಟ್ಟಾರೆ. ಕಿಸ್ಸಾದ ಆ 'ಸಾ' ಇದೆಯಲ್ಲ, ಅದನ್ನೇ ಜಪಾನಿಯಲ್ಲಿ 'ಚಾ' ಅಂತಲೂ ಓದುತ್ತಾರೆ, ಬರೆಯೋ ಅಕ್ಷರ ಒಂದೇ. ಚೀನಾದ ಅದೇ ಚಾ ನಮ್ಮಲ್ಲಿ ಚಹಾ ಆಗಿದೆ. ನೀವು ದಕ್ಷಿಣದವರು ಟೀ ಟೀ ಅಂತೀರಲ್ಲ, ಅದು ಅದೇ ಚೀನಾದ ಇನ್ನೊಂದು ಕರಾವಳಿಯ ಉಚ್ಚಾರ, ಇಂಗ್ಲಿಷಿನವರ ಕೈಯಿಂದ ಬಂದದ್ದು. ಆದ್ದರಿಂದ ಕಿಸ್ಸಾತೆನ್‌ಗೆ ನೇರ ಕನ್ನಡ 'ಚಹಾದಂಗಡಿ'. ನೂರು ವರ್ಷದಿಂದ ಇದೆ, ಹೊಸದಾಗಿ ಹುಟ್ಟಿಸೋದು ಬ್ಯಾಡ. ಜಾಸ್ ಚಹಾದಂಗಡಿ!

'ಕಿಸ್ಸಾ' ಅಂತಲೇ ಬಿಟ್ಟರೆ ನಮ್ಮ ಕಡೆ ಕಥೆ ಅಂತ ತಿಳೀತಾರೆ, ಉರ್ದುವಿನ ಕಿಸ್ಸಾ. ಅದನ್ನೂ ನೋಡಿಕೊಳ್ರಿ.
– ಧಾರವಾಡದವ

ಬೆಂಗಳೂರಿನ ಓದುಗರು ಜಾಸ್ ಚಹಾದಂಗಡಿ ಅಂದರೆ ರಸ್ತೆ ಬದಿ ಗ್ಲಾಸು ಹಿಡಿದು ನಿಂತವರನ್ನು ನೆನೆಸಿಕೊಳ್ತಾರೆ. ಅಲ್ಲಿ ಕೂರೋದೇ ಮುಖ್ಯ ಅಲ್ವಾ? 'ಬೈಠಕ್' ಅನ್ನಬಹುದಿತ್ತು, ಆದರೆ ಅಲ್ಲಿ ಕಲಾವಿದ ಎದುರಿಗೇ ಇರ್ತಾನೆ.

ನಾನು ಸುಮ್ನೆ ಹೇಳ್ತೀನಿ: 'ಕಾಪಿ ಮನೆ'. ನಮ್ಮಜ್ಜಿ ಕಾಫಿಗೆ ಕಾಪಿ ಅಂತಲೇ ಅನ್ನುತ್ತಿದ್ದರು, ಕಾಪಿ ರಾಗವೂ ಇದೆ. ಒಂದೇ ಏಟಿಗೆ ಎರಡು!
– ಮಲ್ಲೇಶ್ವರದವಳು

ಕಾಪಿ ಅಂದರೆ ಪರೀಕ್ಷೆಯಲ್ಲಿ ಹೊಡೆಯೋದು ಕೂಡ. ಮೂರಾಯಿತು.
– ಧಾರವಾಡದವ

ಇಶ್ಟೊತ್ತು ಓದಿದೆ. ಚಹಾ ಚೀನಾದ್ದು, ಕಿಸ್ಸಾ ಜಪಾನಿನದು, ಶ್ರವಣ ಸಂಸ್ಕ್ರುತದ್ದು, ಬಯ್ಟಕ್ ಹಿಂದಿಯದ್ದು. ಕನ್ನಡ ಎಲ್ಲಿ ಸ್ವಾಮಿ? ಕೇಳ್ಮನೆ ಬೇಡ ಅಂದರೆ ಆಲಿಮನೆ ಅನ್ನಿ. ಆಲಿಸು ನಮ್ಮದೇ, ತೆಲುಗಿನಲ್ಲೂ ಆಲಿಂಚು ಇದೆ, ದ್ರಾವಿಡದ ಬೇರು. ರೇಡಿಯೋಗೆ ಬಾನುಲಿ ಅಂದಾಗಲೂ ಹೀಗೇ ನಕ್ಕರು.

2024ರ ತಿದ್ದುಪಡಿ ಬಂದ ಮೇಲೆ ಬೆಂಗಳೂರಿನ ಬೋರ್ಡುಗಳಲ್ಲಿ ಶೇ 60 ಕನ್ನಡ ಕಡ್ಡಾಯ. ಆಗಿದ್ದೇನು? ಇಂಗ್ಲಿಶ್ ಹೆಸರನ್ನೇ ಕನ್ನಡ ಲಿಪಿಯಲ್ಲಿ ದಪ್ಪಗೆ ಬರೆದು ಕಯ್ ತೊಳೆದುಕೊಂಡರು. ನಾಳೆ 'ಲಿಸನಿಂಗ್ ಬಾರ್' ಅಂತಲೂ ಬರೀತಾರೆ, ನೀವು ಕೂತು ಸಮಾಸ ಬಿಡಿಸ್ತಿರಿ.
– ಅಚ್ಚಗನ್ನಡ

> ಆಲಿಮನೆ ಅನ್ನಿ

ಮಂಡ್ಯದವರು ಬಿಂದಿಗೆ ಹಿಡಿದು ಬರುತ್ತಾರೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಸಿಗುತ್ತದೆ, ಜಾಸ್ ಸಿಗುವುದಿಲ್ಲ.

ಬಾನುಲಿ ಬಗ್ಗೆ: 1935ರಲ್ಲಿ ಇದೇ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ರೇಡಿಯೋ ಕೇಂದ್ರ ಶುರುಮಾಡಿದರು. ಇಲ್ಲಿಂದ ಹೊರಟ 'ಆಕಾಶವಾಣಿ' ಇಡೀ ದೇಶದ ಬಾಯಿಗೆ ಬಂತು. ಬಾನುಲಿ ನಿಮ್ಮಂಥವರ ಬಾಯಲ್ಲಿ ಉಳಿದಿದೆ. ಪದ ಗೆಲ್ಲುವುದು ಬೇರಿನಿಂದಲ್ಲ. ಮತ್ತೆ, ಮೊದಲು 'ಸಂಸ್ಕೃತ' ಸರಿಯಾಗಿ ಬರೆಯಲು ಕಲಿಯಿರಿ, ಆಮೇಲೆ ಅದನ್ನು ಓಡಿಸುವಿರಂತೆ.
– ನಿವೃತ್ತ ಮೇಷ್ಟ್ರು

ಉಲಿದ ಹಾಗೆ ಬರೆಯುತ್ತೇನೆ. ಬೇಕಾದರೆ ಓದಿ.
– ಅಚ್ಚಗನ್ನಡ

ಜಗಳ ಆಮೇಲೆ ಆಡಿ, ಪಾಪ ಆಕೆಗೆ ಆರು ಗಂಟೆಗೆ ಪುಟ ಹೋಗಬೇಕು. ವಿಭಕ್ತಿ ಪ್ರಶ್ನೆಗೆ ಯಾರೂ ಉತ್ತರವನ್ನೇ ಕೊಟ್ಟಿಲ್ಲ. ಜಪಾನಿಯಲ್ಲಿ ಕೊನೇ ಸ್ವರ ಚಿಕ್ಕದು, 'ಕಿಸ್ಸ'. ಹಾಗೆ ಬರೆದರೆ 'ಕಿಸ್ಸಕ್ಕೆ' ಆಗಿ ಮುತ್ತಿನ ವಾಸನೆ ಹೊಡೆಯುತ್ತೆ. ದೀರ್ಘವೇ ಇರಲಿ. ಸಿನಿಮಾಕ್ಕೆ, ಸಿನಿಮಾಗೆ ಎರಡೂ ನಡೆಯೋ ಹಾಗೆ ಇದೂ ನಡೆಯುತ್ತೆ, ಬರಹದ ಉದ್ದಕ್ಕೂ ಒಂದೇ ಇಟ್ಟುಕೊಳ್ಳಿ.

ಇನ್ನು ಪದ. ನಮ್ಮ ತಂದೆ ಹೇಳುತ್ತಿದ್ದರು, ಅವರ ಕಾಲಕ್ಕೆ ನಮ್ಮೂರ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆ ಪಕ್ಕ ಗ್ರಾಮಫೋನ್ ಇಟ್ಟಿದ್ದರಂತೆ. ಒಂದು ಬೈಟು ಕಾಫಿ ತಗೊಂಡು ನಾಲ್ಕು ಪ್ಲೇಟು ಕೇಳಿ ಎದ್ದುಬರುತ್ತಿದ್ದರಂತೆ. ರಿಕಾರ್ಡಿಗೆ ಅವರು ಪ್ಲೇಟು ಅಂತಲೇ ಅನ್ನುತ್ತಿದ್ದರು. ಆ ಜಾಗಕ್ಕೆ ಬೇರೆ ಹೆಸರೇ ಇರಲಿಲ್ಲ. 'ಪ್ಲೇಟು ಹಾಕೋ ಹೋಟ್ಲು', ಅಷ್ಟೇ. ಚಿಗುಸಾದಲ್ಲಿ ಕೂತಾಗೆಲ್ಲ ನನಗೆ ನೆನಪಾಗುತ್ತಿದ್ದದ್ದು ಇದೇ ಮಾತು.
– ಯೊಕೊಹಾಮಾ ಕನ್ನಡಿಗ

ಪ್ಲೇಟು ಹೋಟ್ಲು ಅಂದರೆ ಈಗಿನವರು ತಟ್ಟೆ ಇಡ್ಲಿ ಅಂದುಕೊಳ್ತಾರೆ. ಆದರೂ ಇಲ್ಲಿ ಬಂದದ್ದರಲ್ಲಿ ನನಗೆ ಹಿಡಿಸಿದ್ದು ಇದೊಂದೇ.
– ಮಲ್ಲೇಶ್ವರದವಳು

ಹೋಟೆಲು ಪರವಾಗಿಲ್ಲ, ಕನ್ನಡದಲ್ಲಿ ಅದು ಬೇರೆಯೇ ಅರ್ಥ ಪಡೆದು ನೆಲೆಯೂರಿದೆ. ದಯವಿಟ್ಟು 'ಉಪಹಾರ ಗೃಹ' ಮಾತ್ರ ಬೇಡ. ಉಪಹಾರ ಅಂದರೆ ಕಾಣಿಕೆ. ತಿನ್ನುವುದು ಉಪಾಹಾರ. ಅರ್ಧ ಮೈಸೂರಿನ ಬೋರ್ಡುಗಳು ಗಿರಾಕಿಗಳಿಗೆ ಕಾಣಿಕೆ ಕೊಡುತ್ತಿವೆ.
– ನಿವೃತ್ತ ಮೇಷ್ಟ್ರು

ಎಲ್ಲರಿಗೂ ಥ್ಯಾಂಕ್ಸ್. ಐದೂಮುಕ್ಕಾಲಿಗೆ ಕಳಿಸಿದೆ. 'ಜಾಸ್ ಕಿಸ್ಸಾ' ಅಂತಲೇ ಉಳಿಸಿಕೊಂಡು, ಮೊದಲ ಸಲ ಬಂದಾಗ "ಅಂದರೆ ಜಾಸ್ ಪ್ಲೇಟು ಹಾಕುವ ಕಾಫಿ ಹೋಟೆಲು" ಅಂತ ಬಿಡಿಸಿ ಹೇಳಿದ್ದೇನೆ. ಎಲ್ಲ ಕಡೆ 'ಕಿಸ್ಸಾಕ್ಕೆ'. ಸ್ಪೀಕರು ಸ್ಪೀಕರೇ. ಮೌನದ ಸಾಲನ್ನೂ ತಿದ್ದಿದೆ.

ಈಗಷ್ಟೇ ಪುಟದ ಫೋಟೋ ಬಂತು. ತಲೆಬರಹ ಮಾತ್ರ ಅವರೇ ಬದಲಿಸಿದ್ದಾರೆ: 'ಕಾಫಿ ಜೊತೆ ಕಛೇರಿ'. ಹಾಡುವವರು ಯಾರೂ ಇಲ್ಲ ಅಂತ ಒಳಗೆ ಎರಡು ಪ್ಯಾರಾ ಬರೆದಿದ್ದೆ!
– ಅನುವಾದಕಿ

ಕಚೇರಿ. ಮಹಾಪ್ರಾಣ ಇಲ್ಲ.
– ಅಚ್ಚಗನ್ನಡ

ಇದೊಂದು ಸರಿ.
– ನಿವೃತ್ತ ಮೇಷ್ಟ್ರು