ಸಂತೆ ಮೈದಾನದ ಕೂಲರ್‌ಗಳು ರಾತ್ರಿ 1:50ರ ತನಕ!! ಯಾರು ಕೇಳೋರು?

ಮನೆ 14 · ಬೆಳಿಗ್ಗೆ 5:20
ಸಾಕಾಗಿಹೋಯ್ತು. ಸಂತೆ ಮುಗಿದಿದ್ದು 9:30ಕ್ಕೆ, ಹತ್ತು ಕೂಲರ್ ನಿಂತಿದ್ದು 1:50ಕ್ಕೆ. ಅದೂ ಯಾರೋ ಬಂದು ನಿಲ್ಲಿಸಿದ್ದಲ್ಲ, ಟ್ರಿಪ್ ಆಗಿ ತಾವೇ ನಿಂತವು. ಖಾಲಿ ಕುರ್ಚಿಗಳಿಗೆ ನಾಲ್ಕು ಗಂಟೆ ಗಾಳಿ ಸೇವೆ! ಹತ್ತಕ್ಕೆ ಹತ್ತೂ ನಮ್ಮ ಸಾಲಿನ ಕಡೆಗೇ ಮುಖ. ಗೇಟಿನ ಮುಂದೆ ಈಗಲೂ ನೀರು ನಿಂತಿದೆ. ಹೋದ ಸಲ "ಮುಂದಿನ ಸಲ ನೋಡೋಣ" ಅಂದವರು ಎದ್ದು ಬಂದು ನೋಡಿ.

ಮನೆ 9 · 6:05
ನಲ್ಲೀಲಿ ನೀರೂ ಇಲ್ಲ. ಮೋಟರ್ ಹಾಕಿಲ್ವಾ?

ಮನೆ 27 · 6:08
ಮೋಟರ್ ಹೇಗೆ ಹಾಕ್ತಾರೆ? ಕೂಲರ್‌ಗೆ ಕರೆಂಟ್ ಎಳೆದಿದ್ದು ಪಾರ್ಕಿನ ಬೋರ್ಡಿನಿಂದ. ಅದೇ ಬೋರ್ಡಿನಲ್ಲಿ ಮೋಟರ್ ಇರೋದು. ಅದು ಬೇಡ ಅಂತ ನಾನು ಆವತ್ತೇ ಹೇಳಿದ್ದೆ.

ಮನೆ 27 · 6:09
ಮೇಲೆ ಹುಡುಕಿ, ನನ್ನ ಮೆಸೇಜ್ ಇದೆ.

ಮನೆ 27 · 6:11
ಕಾರ್ಯದರ್ಶಿಗಳು ಉತ್ತರ ಕೊಡಬೇಕು. ಒಪ್ಪಿಗೆ ಕೊಟ್ಟಿದ್ದು ಯಾರು, ಎಷ್ಟು ಕೂಲರ್‌ಗೆ, ಎಷ್ಟು ಗಂಟೆವರೆಗೆ?

ಮನೆ 22 · 6:40
ಬೋರ್ಡ್ ನೋಡಿಕೊಂಡು ಬಂದೆ. ಬಿದ್ದಿರೋದು ಲೋಡ್ ಜಾಸ್ತಿ ಆದರೆ ಬೀಳೋ ಎಂಸಿಬಿ ಸ್ವಿಚ್ ಅಲ್ಲ, ಕರೆಂಟ್ ಸೋರಿದರೆ ಬೀಳೋ ಆರ್‌ಸಿಸಿಬಿ. ಅಂದರೆ ಲೋಡ್ ಜಾಸ್ತಿ ಆಗಿದ್ದಲ್ಲ, ಎಲ್ಲೋ ಕರೆಂಟ್ ನೆಲಕ್ಕೆ ಸೋರಿದೆ. ಕೊನೆಯ ಕೂಲರಿನ ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೇ ಇದೆ, ಸುತ್ತ ನೀರು. 30 ಮಿಲಿ ಆಂಪಿಯರ್ ದಾಟಿದ ತಕ್ಷಣ ಅದು ಬೀಳಲೇಬೇಕು, ಬಿದ್ದಿದ್ದು ಒಳ್ಳೇದಾಯ್ತು. ದಯವಿಟ್ಟು ಯಾರೂ ಈಗ ಎತ್ತಬೇಡಿ. ಮೊದಲು ಹತ್ತೂ ಪ್ಲಗ್ ಕೀಳಬೇಕು, ಬೋರ್ಡ್ ಒಣಗಬೇಕು, ಆಮೇಲೆ ಬರೀ ಮೋಟರ್ ಹಾಕಿ ನೋಡಬೇಕು.

ಮನೆ 18 · 6:44
ಇಡೀ ಬಡಾವಣೆಯಲ್ಲಿ ರಾತ್ರಿ ಸರಿಯಾಗಿ ಕೆಲಸ ಮಾಡಿದ್ದು ಆ ಆರ್‌ಸಿಸಿಬಿ ಒಂದೇ. ಅದನ್ನೇ ಅಧ್ಯಕ್ಷರನ್ನಾಗಿ ಮಾಡೋಣ.

ಮನೆ 27 · 6:46
ತಮಾಷೆ ಅಲ್ಲ ಇದು. ಬೋರ್ಡ್ ನೆಲದ ಮೇಲೆ ಇಟ್ಟಿದ್ದು ಯಾರು?

ಮನೆ 22 · 6:58
ಯಾರು ಅನ್ನೋದಕ್ಕಿಂತ ಹೇಗಿಡಬೇಕು ಅನ್ನೋದನ್ನ ಬರೆದಿಡ್ತೀನಿ. ಬೋರ್ಡ್ ಯಾವಾಗಲೂ ಮೊಣಕಾಲಿಗಿಂತ ಮೇಲೆ, ಕಂಬಕ್ಕೆ ಕಟ್ಟಿರಬೇಕು. ಕೂಲರಿನಿಂದ ಬರೋ ವೈರ್ ಬೋರ್ಡಿಗಿಂತ ಕೆಳಗೆ ಒಮ್ಮೆ ಬಾಗಿ ಮೇಲೇರಬೇಕು, ಆಗ ವೈರ್ ಹಿಡಿದು ಬರೋ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ, ಪ್ಲಗ್‌ವರೆಗೆ ಬರಲ್ಲ. ಪಿನ್ ಮೂರೂ ಇರಲೇಬೇಕು. ಹತ್ತರಲ್ಲಿ ಎರಡಕ್ಕೆ ಅರ್ಥ್ ಪಿನ್ ಮುರಿದಿದೆ, ಈಗಷ್ಟೇ ನೋಡಿದೆ. ಆ ಎರಡರ ಬಾಡಿ ಲೋಹದ್ದು!

ಇನ್ನೊಂದು: ಹತ್ತು ಕೂಲರ್, ಒಂದೊಂದು 200 ವ್ಯಾಟ್. ಪವರ್ ಫ್ಯಾಕ್ಟರ್ (ಮೋಟರ್‌ಗಳು ಬರೀ ವ್ಯಾಟ್ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ ಕರೆಂಟ್ ಎಳೀತವೆ) ಲೆಕ್ಕ ಹಿಡಿದರೆ ಸುಮಾರು 11 ಆಂಪಿಯರ್. ಎಳೆದಿರೋದು 1 ಚದರ ಮಿಮೀ ವೈರ್, 50 ಮೀಟರ್. ಹೋಗಿ ಬರೋ ದಾರಿ ಸೇರಿ ರೆಸಿಸ್ಟೆನ್ಸ್ 1.8 ಓಮ್, ಅಲ್ಲೇ 20 ವೋಲ್ಟ್ ಹತ್ತಿರ ಹೋಯ್ತು. ಕೊನೇಲಿರೋ ಕೂಲರ್‌ಗಳು ಗುಂಯ್ ಅಂದು ನಿಧಾನ ತಿರುಗ್ತಿದ್ದದ್ದು ಅದಕ್ಕೇ. ಕೂಲರಿನ ಮೋಟರ್ ಹಾಗೆ ಒದ್ದಾಡಿದರೆ ಬಿಸಿಯಾಗಿ ಸುಟ್ಟುಹೋಗುತ್ತೆ. 2.5 ಚದರ ಮಿಮೀ ವೈರ್ ಬೇಕು. ಉಳಿದ ವೈರ್ ಸುರುಳಿ ಸುತ್ತಿಡದೆ ಪೂರ್ತಿ ಬಿಚ್ಚಿರಬೇಕು, ಸುರುಳಿಯೊಳಗೆ ಬಿಸಿ ಹೊರಹೋಗದೆ ಮೇಲಿನ ಪದರ ಕರಗುತ್ತೆ.

ಮನೆ 40 · 7:02
ಫಾರ್ವರ್ಡ್ ಮಾಡಲಾಗಿದೆ:
ಶುಭೋದಯ!! ಕೂಲರ್ ನೀರಿಗೆ ಎರಡು ಹಿಡಿ ಕಲ್ಲುಪ್ಪು ಹಾಕಿ, ಏಸಿಯಂತೆ ತಂಪು ಪಡೆಯಿರಿ! ಹತ್ತು ಜನರಿಗೆ ಕಳಿಸಿ.

ಮನೆ 6 · 7:10
40ರವರೇ, ಉಪ್ಪು ಹಾಕಿದರೆ ನೀರು ಆವಿಯಾಗೋದು ಕಮ್ಮಿ ಆಗುತ್ತೆ, ಜಾಸ್ತಿ ಅಲ್ಲ. ಜೊತೆಗೆ ಗಾಳಿ ಒಳಬರೋ ಒದ್ದೆ ಪ್ಯಾಡಿನ ಮೇಲೆ ಉಪ್ಪು ಕಟ್ಟಿ ಗಾಳಿಯ ದಾರಿ ಮುಚ್ಚುತ್ತೆ, ಪಂಪು, ಸ್ಕ್ರೂ ಎಲ್ಲ ತುಕ್ಕು. ದಯವಿಟ್ಟು ಸಂತೆಯವರಿಗೆ ಇದನ್ನ ಕಳಿಸಬೇಡಿ.

ಮನೆ 33 · 7:15
ಐಸ್ ಹಾಕಬಹುದಲ್ವಾ ಸರ್?

ಮನೆ 6 · 7:24
ಹಾಕಬಹುದು, ಪ್ರಯೋಜನ ಕಮ್ಮಿ. ಒಂದು ಕೆಜಿ ಐಸ್ ಕರಗುವಾಗ ಹೀರೋ ಶಾಖ 334 ಕಿಲೋ ಜೌಲ್. ಒಂದು ಲೀಟರ್ ನೀರು ಆವಿಯಾಗುವಾಗ ಹೀರೋದು ಸುಮಾರು 2,430. ಹತ್ತು ಕೆಜಿ ಐಸ್ ಹೊತ್ತು ತಂದರೆ ಅದು ಕರಗುವಾಗ ಸಿಗೋ ತಂಪು ಒಂದೂವರೆ ಲೀಟರ್ ನೀರಿಗೂ ಸಮ ಅಲ್ಲ.

ನಿನ್ನೆ ಕೂಲರ್ ಹಾಕಿದ್ದೇ ವ್ಯರ್ಥ, ಅದನ್ನ ಯಾರೂ ಹೇಳ್ತಿಲ್ಲ. ಮಳೆ ಬಿದ್ದ ಸಂಜೆ ಅದು. ಬಿಸಿಲಿಗೆ 36 ಡಿಗ್ರಿ, ತೇವಾಂಶ ಶೇ 30 ಇದ್ದಾಗ ಕೂಲರ್ ಗಾಳಿ ಸುಮಾರು 10 ಡಿಗ್ರಿ ಕೆಳಗಿಳಿಯುತ್ತೆ. 32 ಡಿಗ್ರಿ, ಶೇ 70 ತೇವಾಂಶ ಇದ್ದರೆ ಅದೇ ಕೂಲರ್, ಅದೇ ಪ್ಯಾಡ್, ಸಿಗೋದು ಮೂರೂವರೆ ಡಿಗ್ರಿ ಮಾತ್ರ. ಮೈ ಜಿಗುಟಾಗೋದು ಬೇರೆ. ಅಂಥ ದಿನ ಪಂಪು ಆಫ್ ಮಾಡಿ ಬರೀ ಫ್ಯಾನ್ ಓಡಿಸಬೇಕು. ಬೆವರು ಒಣಗಲು ಒಣಗಾಳಿ ಬೇಕು, ಒದ್ದೆ ಗಾಳಿ ಅಲ್ಲ.

ಮನೆ 27 · 7:26
ಅದಕ್ಕೇ ನಾನು ಹೇಳಿದ್ದು, ಕೂಲರ್ ತೆಗೆದು ಪೋರ್ಟಬಲ್ ಏಸಿ ನಾಲ್ಕು ತರಿಸಿ ಅಂತ. ಕೇಳಲಿಲ್ಲ.

ಮನೆ 22 · 7:29
ಮೈದಾನದಲ್ಲಿ ಏಸಿ? ಮುಂದೆ ತಂಪು ಗಾಳಿ, ಹಿಂದಿನ ಪೈಪಿನಲ್ಲಿ ಆ ಶಾಖದ ಜೊತೆ ಕಂಪ್ರೆಸರ್ ಶಾಖವೂ. ಗೋಡೆ ಇದ್ದರೆ ಪೈಪನ್ನ ಹೊರಗೆ ಹಾಕಬಹುದು. ಗೋಡೇನೇ ಇಲ್ಲದ ಕಡೆ ಅದು ಹೀಟರ್.

ಮನೆ 18 · 7:30
ಚಳಿಗಾಲದ ಸಂತೆಗೆ ಇಟ್ಕೊಳ್ಳೋಣ ಬಿಡಿ.

ಮನೆ 27 · 7:31
ಗೊತ್ತಿಲ್ಲದವರು ಮಧ್ಯೆ ಬಾಯಿ ಹಾಕಬೇಡಿ. ಕಾರ್ಯದರ್ಶಿಗಳೇ, ಮೆಸೇಜ್ ಓದಿದ್ದೀರಿ ಅಂತ ನೀಲಿ ಗುರುತು ಕಾಣ್ತಿದೆ.

ಕಾರ್ಯದರ್ಶಿ · 7:50
ನಮಸ್ಕಾರ. ಒಪ್ಪಿಗೆ ಕೊಟ್ಟಿದ್ದು ಸಭೆ, ನಾನೊಬ್ಬನೇ ಅಲ್ಲ. 27ರವರೂ ಕೈ ಎತ್ತಿದ್ದರು. ಆರು ಕೂಲರ್, 10 ಗಂಟೆವರೆಗೆ ಅಂತ ತೀರ್ಮಾನ ಆಗಿತ್ತು. ಹತ್ತು ಹೇಗಾಯ್ತು ಅಂತ ಶಾಮಿಯಾನದವರನ್ನ ಕೇಳ್ತೀನಿ.

ಮನೆ 27 · 7:51
ನಾನು ಕೈ ಎತ್ತಿದ್ದು ಸಂತೆಗೆ. ಕೂಲರ್‌ಗೆ ಅಲ್ಲ.

ಮನೆ 27 · 7:52
ತಿರುಚಬೇಡಿ.

ಮನೆ 31 · 8:15
ಶಬ್ದದ ವಿಷಯಕ್ಕೆ ಬರೋಣ, 14ರವರ ದೂರು ಅದೇ ತಾನೆ. ಮೂರು ಮೀಟರ್ ದೂರದಲ್ಲಿ ಒಂದು ಕೂಲರ್ 62 ಡೆಸಿಬೆಲ್ ಅಂತಿಟ್ಟುಕೊಳ್ಳಿ. ದೂರ ಇಮ್ಮಡಿ ಆದಾಗಲೆಲ್ಲ 6 ಇಳಿಯುತ್ತೆ. 24 ಮೀಟರ್‌ಗೆ, ಅಂದರೆ 14ರವರ ಕಿಟಕಿಗೆ, 44. ಆದರೆ ಹತ್ತು ಕೂಲರ್ ಅಂದರೆ 10 ಸೇರಿಸಬೇಕು, 54 ಆಯ್ತು. ಮಲಗೋ ಹೊತ್ತಿಗೆ ಅದು ಜಾಸ್ತಿಯೇ.

ಹತ್ತನ್ನ ಐದು ಮಾಡಿದರೆ ಇಳಿಯೋದು 3 ಮಾತ್ರ. ಫ್ಯಾನ್ ವೇಗ ಐದನೇ ಒಂದು ಭಾಗ ಇಳಿಸಿದರೆ ಸುಮಾರು 5 ಇಳಿಯುತ್ತೆ. ಆದ್ದರಿಂದ ಆರೋ ಹತ್ತೋ ಅಂತ ಜಗಳ ಆಡೋದಕ್ಕಿಂತ ನಾಬ್ ಒಂದು ಹಂತ ಕೆಳಗೆ ತಿರುಗಿಸೋದು ಲಾಭ. ಪೂರ್ತಿ ವೇಗದಲ್ಲಿ ಪ್ಯಾಡಿನಿಂದ ಹನಿಗಳೂ ಕಿತ್ತು ಬರ್ತವೆ, ಬಟ್ಟೆ ಅಂಗಡಿಯವರು ಗೊಣಗಿದ್ದು ಅದಕ್ಕೇ. ಇನ್ನು ಆ ಕಟಕಟ ಸದ್ದು ಫ್ಯಾನಿಂದು ಅಲ್ಲ, ಚಕ್ರದ ಲಾಕ್ ಹಾಕಿಲ್ಲ, ಇಡೀ ಡಬ್ಬ ಕಲ್ಲಿನ ಮೇಲೆ ನಡುಗುತ್ತೆ. ಕೆಳಗೆ ಹಳೇ ರಬ್ಬರ್ ಮ್ಯಾಟ್ ತುಂಡು ಸಾಕು.

ಮನೆ 6 · 8:32
ಇಟ್ಟ ಜಾಗವೂ ತಪ್ಪು. ಕಾಂಪೌಂಡಿಗೆ ಬೆನ್ನು ಒತ್ತಿ ಇಟ್ಟಿದ್ದಾರೆ. ಹಿಂದಿನ ಪ್ಯಾಡ್ ಗಾಳಿ ಎಳೆಯೋದು ಎಲ್ಲಿಂದ? ಕನಿಷ್ಠ ಎರಡು ಅಡಿ ಬಿಡಬೇಕು. ಪೂರ್ವದ ತುದಿಯ ಎರಡು ಕೂಲರ್ ಜನರೇಟರ್ ಹೊಗೆಯನ್ನೇ ಎಳೆದು ಜನರ ಮುಖಕ್ಕೆ ಊದ್ತಿದ್ದವು. ಆ ಮೂಲೆ ಅಂಗಡಿಯವರಿಗೆ ತಲೆನೋವು ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ.

ಸರಿಯಾದ ಕ್ರಮ ಅಂದರೆ, ಗಾಳಿ ಬರೋ ದಿಕ್ಕಿಗೆ ಬೆನ್ನು ಕೊಟ್ಟು ನಿಲ್ಲಿಸಬೇಕು, ಎದುರು ಗಾಳಿಗೆ ಕೂಲರ್ ಸೋಲುತ್ತೆ. ತಂಪು ತಟ್ಟೋದು ನಾಲ್ಕರಿಂದ ಆರು ಮೀಟರ್, ಅದರಾಚೆ ಸುತ್ತಲಿನ ಗಾಳಿ ಬೆರೆತು ಮುಗೀತು. ಇಡೀ ಮೈದಾನ ತಂಪು ಮಾಡ್ತೀನಿ ಅಂತ ಹೊರಡಬಾರದು. ಸಾಲು ನಿಲ್ಲೋ ಜಾಗ, ಹಿರಿಯರು ಕೂರೋ ಜಾಗ, ಅಷ್ಟಕ್ಕೆ ತಿರುಗಿಸಿದರೆ ನಾಲ್ಕು ಕೂಲರ್ ಸಾಕು. ಶಾಮಿಯಾನದ ಮೂರು ಕಡೆ ಪರದೆ ಇಳಿಬಿಟ್ಟರೆ ಒಳಗೆ ಆವಿ ತುಂಬಿ ಸ್ನಾನದ ಮನೆ. ಕೂಲರ್ ಎದುರಿನ ಬದಿ ತೆರೆದೇ ಇರಬೇಕು, ಒದ್ದೆ ಗಾಳಿ ಅಲ್ಲಿಂದ ಹೊರಗೆ ಹೋಗಲಿ. ಸಾಲನ್ನ ಹೀಗೆ ತಿರುಗಿಸಿದರೆ ಮುಖ ಆಟದ ಮೈದಾನದ ಕಡೆಗಾಗುತ್ತೆ, ಮನೆಗಳ ಕಡೆಗಲ್ಲ.

ಮನೆ 14 · 8:40
ಇದನ್ನೇ ಮಾಡಿ ಸರ್. ಯಾರು ಮಾಡ್ತೀರಿ?

ಮನೆ 40 · 8:41
ಫಾರ್ವರ್ಡ್ ಮಾಡಲಾಗಿದೆ:
ಈ ಒಂದು ಗಿಡ ಮನೆ ಮುಂದೆ ಇದ್ದರೆ ಏಸಿ ಬೇಡವೇ ಬೇಡ...

ಮನೆ 9 · 8:55
ನೀರು? ಮೋಟರ್ ಬೇರೆ, ಆದರೆ ನಿನ್ನೆ ರಾತ್ರಿ ಓವರ್‌ಹೆಡ್ ಟ್ಯಾಂಕ್ ತುಂಬಿತ್ತಲ್ಲ. ಅದೆಲ್ಲಿ ಹೋಯ್ತು?

ಮನೆ 22 · 9:10
ಸಿಕ್ತು. ಪಾರ್ಕಿನ ನಲ್ಲಿಯಿಂದ ಪೈಪ್ ಎಳೆದು ಕೂಲರ್‌ಗಳಿಗೆ ಕೊಟ್ಟಿದ್ದಾರೆ. ಕೊನೆಯ ಕೂಲರಿನಲ್ಲಿ ತೊಟ್ಟಿ ತುಂಬಿದಾಗ ನೀರು ನಿಲ್ಲಿಸಬೇಕಾದ ಫ್ಲೋಟ್ ವಾಲ್ವ್ ಸುಣ್ಣ ಕಟ್ಟಿ ತೆರೆದೇ ಸಿಕ್ಕಿಹಾಕಿಕೊಂಡಿದೆ. ತುಂಬಿ ಹರಿದು ಬೋರ್ಡಿಗೆ ಬಂದಿದೆ, ಟ್ರಿಪ್ ಆಗಿದ್ದು ಅದರಿಂದ. 14ರವರ ಗೇಟಿಗೆ ಹೋಗಿದ್ದೂ ಅದೇ ನೀರು. ನಲ್ಲಿ ಬೆಳಿಗ್ಗೆ ತನಕ ತೆರೆದೇ ಇತ್ತು, ಈಗ ಮುಚ್ಚಿದೆ. ನಿಮಿಷಕ್ಕೆ 10 ಲೀಟರ್ ಅಂದರೂ 9:30ರಿಂದ 5 ಗಂಟೆಗೆ 4,500 ಲೀಟರ್. ಹತ್ತೂ ಕೂಲರ್ ಸಂಜೆ ಪೂರ್ತಿ ಓಡಿದರೂ ನಾನೂರು ಲೀಟರ್ ದಾಟಲ್ಲ, ನಿನ್ನೆಯಂಥ ತೇವದಲ್ಲಂತೂ ಇನ್ನೂ ಕಮ್ಮಿ.

ಫ್ಲೋಟನ್ನ ಹತ್ತು ನಿಮಿಷ ವಿನೆಗರ್‌ನಲ್ಲಿ ನೆನೆಸಿ ಉಜ್ಜಿದರೆ ಸಾಕು. ಸುಣ್ಣ ಕಟ್ಟೋದಕ್ಕೆ ಕಾರಣ ಅದೇ ನೀರಿಗೆ ಮೇಲೆ ಮೇಲೆ ನೀರು ಸೇರಿಸೋದು. ಆವಿಯಾಗೋದು ನೀರು, ಲವಣ ತೊಟ್ಟಿಯಲ್ಲೇ ಉಳಿಯುತ್ತೆ. ಪ್ರತಿ ಸಂತೆ ಮುಗಿದ ಮೇಲೆ ತೊಟ್ಟಿ ಪೂರ್ತಿ ಖಾಲಿ ಮಾಡಿ, ಪಂಪು ಆಫ್ ಮಾಡಿ, ಫ್ಯಾನ್ ಮಾತ್ರ ಅರ್ಧ ಗಂಟೆ ಓಡಿಸಿ ಪ್ಯಾಡ್ ಒಣಗಿಸಬೇಕು. ಇಲ್ಲದಿದ್ದರೆ ಮುಂದಿನ ವಾರ ಮೀನಿನ ವಾಸನೆ. ವಾರಗಟ್ಟಲೆ ನೀರು ಬಿಟ್ಟರೆ ಸೊಳ್ಳೆ, ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಅದಕ್ಕೆ ಏಳೆಂಟು ದಿನ ಸಾಕು.

ಮನೆ 33 · 9:14
ಓ, ರಾತ್ರಿ ಅವರು ಪ್ಯಾಡ್ ಒಣಗಿಸೋಕೆ ಅಂತಲೇ ಬಿಟ್ಟು ಹೋಗಿರಬೇಕು.

ಮನೆ 22 · 9:15
ಪಂಪು ಆನ್ ಇಟ್ಟು ಒಣಗಿಸಿದ್ದಾರೆ.

ಮನೆ 18 · 9:16
ಸ್ನಾನ ಮಾಡುತ್ತಲೇ ಮೈ ಒರೆಸಿಕೊಳ್ಳೋ ವಿಧಾನ.

ಮನೆ 27 · 9:20
ನಾಲ್ಕೂವರೆ ಸಾವಿರ ಲೀಟರ್!!! ಪಾರ್ಕಿನ ನಲ್ಲಿಗೆ ಬೀಗ ಇತ್ತಲ್ವಾ? ತೆಗೆದಿದ್ದು ಯಾರು?

ಮನೆ 27 · 9:20
ಬೀಗದ ಕೈ ಯಾರ ಹತ್ತಿರ ಇದೆ?

ಕಾರ್ಯದರ್ಶಿ · 9:34
ಒಂದು ನನ್ನ ಹತ್ತಿರ, ಇನ್ನೊಂದು ವಾಚ್‌ಮನ್ ಹತ್ತಿರ. ಮೂರನೇದು ಹೋಳಿ ಹಬ್ಬಕ್ಕೆ ಮುಂಚೆ 27ರವರು ಕಾರ್ ತೊಳೆಯೋಕೆ ತಗೊಂಡಿದ್ದರು.

ಮನೆ 27 · 9:35
ಅದನ್ನ ಆವತ್ತೇ ವಾಪಸ್ ಕೊಟ್ಟಿದ್ದೀನಿ.

ಮನೆ 9 · 9:36
ಕಾರ್ ತೊಳೆಯೋಕೆ ಪಾರ್ಕಿನ ನೀರಾ?

ಮನೆ 31 · 9:50
ಒಂದು ನಿಮಿಷ. ಮುಂದಿನ ಶನಿವಾರಕ್ಕೆ ಮೂರೇ ಕೆಲಸ: ಕೂಲರ್ ಸಾಲು ತಿರುಗಿಸೋದು, ಬೋರ್ಡುಗಳನ್ನ ಕಂಬಕ್ಕೆ ಕಟ್ಟೋದು, 9:30ಕ್ಕೆ ಪಂಪು ಆಫ್, 10ಕ್ಕೆ ಪ್ಲಗ್ ಕೀಳೋದು. ಮೂರು ಜನ ಹೆಸರು ಕೊಡಿ, ಶುಕ್ರವಾರ ಸಂಜೆ ಅರ್ಧ ಗಂಟೆ ಸಾಕು.

ಮನೆ 27 · 9:52
ಮೊದಲು ಬೀಗದ ವಿಷಯ ಇತ್ಯರ್ಥ ಆಗಲಿ. ಈ ಬೀಗಾನೇ ಬದಲಿಸಬೇಕು. ನಂಬರ್ ಬೀಗ ಹಾಕಿ.

ಮನೆ 33 · 9:55
ನಂಬರ್ ಬೀಗ ಮಳೆಗೆ ತುಕ್ಕು ಹಿಡಿಯುತ್ತೆ ಸರ್. ಹಿತ್ತಾಳೇದು ಒಳ್ಳೇದು.

ಮನೆ 9 · 9:57
ನಲ್ಲಿಗೆ ಮೀಟರ್ ಕೂಡ ಹಾಕಿಸಿ. ಯಾರು ಎಷ್ಟು ಕಾರ್ ತೊಳೀತಾರೆ ಗೊತ್ತಾಗಲಿ.

ಕಾರ್ಯದರ್ಶಿ · 10:10
ಬೀಗ, ಮೀಟರ್ ಎರಡನ್ನೂ ಭಾನುವಾರದ ಸಭೆಗೆ ತರೋಣ. ಎಲ್ಲರೂ ಬನ್ನಿ.

ಮನೆ 14 · 10:12
ಸಂತೆ ಶನಿವಾರ ಇದೆ ಸರ್.

ಮನೆ 18 · 10:30
ಬೀಗ ಎಷ್ಟು ಇಂಚಿನದ್ದು ಬೇಕು, ಯಾರಾದ್ರೂ ನಲ್ಲಿಯ ಕೊಂಡಿ ಅಳತೆ ತಗೊಂಡಿದ್ದೀರಾ?